ವಲಸೆಯ ದುಡಿಮೆ, ಮುಪ್ಪಿನ ಪಿಂಚಣಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ದಿಕ್ಕುಗಳಿಂದ ಕೇಳಿವೆ. ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಪುಣೆಯ ತಾಯಿ, ಕೊಲ್ಲಿಯಿಂದ ಮರಳಿದ ಮುಂಬಯಿಯ ಹೋಟೆಲ್ ನೌಕರ, ಗೋವೆಯಲ್ಲಿ ಕಲ್ಲು ಹೊತ್ತ ತಂದೆಯ ಮಗ, ಎಲ್ಲರದೂ ಪಿಂಚಣಿಯ ಚಿಂತೆಯೇ. ಹೊರನಾಡ ಕನ್ನಡಿಗರಾದ ನಾವೆಲ್ಲರೂ ಒಂದಲ್ಲ ಒಂದು ತಲೆಮಾರಿನಲ್ಲಿ ಊರು ಬಿಟ್ಟು ಬಂದವರಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ನಾಲ್ಕು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಎಂಜಿನಿಯರ್ ಆಗಿದ್ದಾನೆ. ಸಂಬಳದಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಪಿಂಚಣಿಗೆಂದು ಕಡಿತವಾಗುತ್ತದೆ. ಆದರೂ ವಲಸೆ ಬಂದವರು ತಮ್ಮ ಪಿಂಚಣಿಗೆ ಹೊರೆ ಎಂದು ಅಲ್ಲಿಯ ಕೆಲವರು ಮಾತಾಡುತ್ತಾರಂತೆ. ಅವನ ಹಣ ಎಲ್ಲಿಗೆ ಹೋಗುತ್ತದೆ? ಅವನು ಭಾರತಕ್ಕೆ ಮರಳಿದರೆ ಅದು ಮುಳುಗಿದಂತೆಯೇ?
ಗೃಹಿಣಿ, ಕೋಥರೂಡ್, ಪುಣೆ

ಉತ್ತರ: ಜರ್ಮನಿಯ ಪಿಂಚಣಿ ವಂತಿಗೆ ಸಂಬಳದ ಶೇ. 18.6. ಅದರಲ್ಲಿ ಅರ್ಧ, ಅಂದರೆ ಶೇ. 9.3, ನಿಮ್ಮ ಮಗನ ಸಂಬಳದಿಂದ ಹೋಗುತ್ತದೆ, ಇನ್ನರ್ಧವನ್ನು ಅವನ ಕಂಪನಿ ಕಟ್ಟುತ್ತದೆ. ಈ ಹಣ ಅವನ ಹೆಸರಿನಲ್ಲಿ ಎಲ್ಲಿಯೂ ಗಂಟಾಗಿ ಕೂತಿರುವುದಿಲ್ಲ. ಹಿಂದೆ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗರು ತಿಂಗಳಿಗೊಮ್ಮೆ ಊರಿಗೆ ಮನಿ ಆರ್ಡರ್ ಕಳಿಸುತ್ತಿದ್ದರಲ್ಲ, ಆ ಹಣ ಅದೇ ತಿಂಗಳು ಅಕ್ಕಿ, ಬೇಳೆ, ಅಪ್ಪನ ಔಷಧಿಗೆ ಖರ್ಚಾಗುತ್ತಿತ್ತು. ಜರ್ಮನಿಯ ಪಿಂಚಣಿಯೂ ಹಾಗೆಯೇ ನಡೆಯುತ್ತದೆ: ಈ ತಿಂಗಳು ದುಡಿಯುವವರು ಕೊಟ್ಟದ್ದು ಈ ತಿಂಗಳೇ ಅಲ್ಲಿಯ ವೃದ್ಧರ ಕೈಸೇರುತ್ತದೆ. 1889ರಲ್ಲಿ ಬಿಸ್ಮಾರ್ಕನ ಕಾಲದಲ್ಲಿ ವೃದ್ಧಾಪ್ಯ ವಿಮೆಯ ಕಾಯಿದೆ ಬಂದಾಗ ಕೂಡಿಟ್ಟ ಬಂಡವಾಳದಿಂದ ಪಿಂಚಣಿ ಕೊಡುವ ಯೋಜನೆಯಿತ್ತು. ಆದರೆ ಎರಡು ಮಹಾಯುದ್ಧಗಳು ಮತ್ತು 1923ರ ಭೀಕರ ಹಣದುಬ್ಬರ ಆ ಬಂಡವಾಳವನ್ನು ನುಂಗಿಹಾಕಿದವು. ಹೀಗಾಗಿ 1957ರ ಸುಧಾರಣೆಯಲ್ಲಿ ದುಡಿಯುವ ತಲೆಮಾರು ನಿವೃತ್ತ ತಲೆಮಾರನ್ನು ನೇರವಾಗಿ ಸಾಕುವ ಈ ಪದ್ಧತಿ ನೆಲೆಗೊಂಡಿತು.

ಇಂಥ ಪದ್ಧತಿಯಲ್ಲಿ ಖಜಾನೆಯ ಗಾತ್ರಕ್ಕಿಂತ ಒಬ್ಬ ವೃದ್ಧರಿಗೆ ಎಷ್ಟು ಮಂದಿ ದುಡಿಯುವವರಿದ್ದಾರೆ ಎಂಬುದೇ ಮುಖ್ಯ. 1960ರ ದಶಕದ ಆರಂಭದಲ್ಲಿ ಅಲ್ಲಿ ಒಬ್ಬ ಪಿಂಚಣಿದಾರರಿಗೆ ಸುಮಾರು ಆರು ಮಂದಿ ವಂತಿಗೆದಾರರಿದ್ದರು, ಈಗ ಇಬ್ಬರ ಆಸುಪಾಸಿನಲ್ಲಿದ್ದಾರೆ. ಯುದ್ಧಾನಂತರ ದೊಡ್ಡ ಸಂಖ್ಯೆಯಲ್ಲಿ ಹುಟ್ಟಿದವರು ಈಗ ಸಾಲುಸಾಲಾಗಿ ನಿವೃತ್ತರಾಗುತ್ತಿದ್ದಾರೆ. ವಂತಿಗೆ ಸಾಲದೆ ಕೇಂದ್ರ ಸರ್ಕಾರ ತೆರಿಗೆ ಹಣದಿಂದ ವರ್ಷಕ್ಕೆ 100 ಶತಕೋಟಿ ಯೂರೊಗಿಂತ ಹೆಚ್ಚು ಮೊತ್ತವನ್ನು ತುಂಬಿಕೊಡುತ್ತಿದೆ, ನಿವೃತ್ತಿ ವಯಸ್ಸನ್ನು 2031ರ ಹೊತ್ತಿಗೆ 67ಕ್ಕೆ ಏರಿಸಲಾಗುತ್ತಿದೆ. ಇಂಥ ಹೊತ್ತಿನಲ್ಲಿ ಇಪ್ಪತ್ತೈದರ ಹರೆಯದಲ್ಲಿ, ಓದು ಮುಗಿಸಿಕೊಂಡು, ಮೊದಲ ತಿಂಗಳಿನಿಂದಲೇ ವಂತಿಗೆ ಕಟ್ಟುವ ಹುಡುಗನೊಬ್ಬ ಬಂದಿಳಿದರೆ ಅವನನ್ನು ಹೊರೆ ಎನ್ನಲು ಲೆಕ್ಕ ಒಪ್ಪುವುದಿಲ್ಲ. ಅವನ ಹಾಲು, ಲಸಿಕೆ, ಶಾಲೆಯ ಫೀಸು, ಎಂಜಿನಿಯರಿಂಗ್ ಕಾಲೇಜಿನ ಖರ್ಚು ಎಲ್ಲವನ್ನೂ ಕೋಥರೂಡಿನ ನಿಮ್ಮ ಮನೆಯೂ ಈ ದೇಶವೂ ಸೇರಿ ಭರಿಸಿವೆ, ಅದರಲ್ಲಿ ಒಂದು ಕಾಸನ್ನೂ ಜರ್ಮನಿ ಭರಿಸಿಲ್ಲ. ಪಿಂಚಣಿಯ ಚರ್ಚೆಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲವಾದ್ದರಿಂದ ನಾನಿಲ್ಲಿ ಒತ್ತಿ ಹೇಳುತ್ತಿದ್ದೇನೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಜರ್ಮನಿಯಲ್ಲಿ ಪಿಂಚಣಿಯ ಹಕ್ಕು ಹುಟ್ಟಲು 60 ತಿಂಗಳ ವಂತಿಗೆ ಬೇಕು. ನಿಮ್ಮ ಮಗನದು 48 ತಿಂಗಳು ಆಗಿದೆ. ಅವನು ಈಗಲೇ ಮರಳಿ ಬಂದರೆ, ಯುರೋಪಿನ ಒಕ್ಕೂಟದ ಹೊರಗೆ 24 ತಿಂಗಳು ಕಳೆದ ಬಳಿಕ, ತಾನು ಕಟ್ಟಿದ ಪಾಲನ್ನು ಮರಳಿ ಕೇಳಬಹುದು. ಕಂಪನಿ ಕಟ್ಟಿದ ಪಾಲು ಮಾತ್ರ ಅಲ್ಲಿಯೇ ಉಳಿಯುತ್ತದೆ. ಇನ್ನೊಂದು ವರ್ಷ ದುಡಿದು 60 ತಿಂಗಳು ದಾಟಿಸಿದರೆ, ನಿವೃತ್ತಿಯ ವಯಸ್ಸಿನಲ್ಲಿ ಭಾರತದಲ್ಲಿದ್ದುಕೊಂಡೇ ಜರ್ಮನಿಯ ಪಿಂಚಣಿ ಪಡೆಯಬಹುದು. ಭಾರತ ಮತ್ತು ಜರ್ಮನಿಯ ನಡುವಿನ ಸಮಗ್ರ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಹಕ್ಕು ಹುಟ್ಟಲು ಬೇಕಾದ ಅವಧಿಯನ್ನು ಎಣಿಸುವಾಗ ಇಲ್ಲಿಯ ಭವಿಷ್ಯ ನಿಧಿಯ (ಪಿ.ಎಫ್.) ಸೇವಾವಧಿಯನ್ನೂ ಕೂಡಿಸಿಕೊಳ್ಳಲು ಅವಕಾಶವಿದೆ. ಅವನು ಪುಣೆಯ ಹಿಂಜೆವಾಡಿಯಲ್ಲಿ ಒಂದೆರಡು ವರ್ಷ ಕೆಲಸ ಮಾಡಿದ್ದರೆ ಆ ದಾಖಲೆಯನ್ನು ಜೋಪಾನವಾಗಿಡಿ. ಮರುಪಾವತಿ ಪಡೆದವರ ಹಳೆಯ ಅವಧಿ ಪೂರ್ತಿಯಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಕೈಗೆ ಬರುವ ಮೊತ್ತವನ್ನು ಕಂಡು ಆತುರಪಡಬೇಡಿ ಎಂಬುದು ನನ್ನ ಸಲಹೆ.

ಪ್ರಶ್ನೆ: ವಲಸೆಯಿಂದ ಶ್ರೀಮಂತ ದೇಶಗಳ ಪಿಂಚಣಿ ಉಳಿಯುತ್ತದೆ ಎಂದು ಕೆಲವರು, ಮುಳುಗುತ್ತದೆ ಎಂದು ಕೆಲವರು ಬರೆಯುತ್ತಾರೆ. ಯಾವುದು ಸರಿ?
ಅರ್ಥಶಾಸ್ತ್ರದ ವಿದ್ಯಾರ್ಥಿನಿ, ಡೊಂಬಿವಿಲಿ

ಉತ್ತರ: ವಲಸೆ ಪಿಂಚಣಿಗೆ ಉಸಿರಾಡಲು ಸಮಯ ಕೊಡುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ. 2000ದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗ ಹೊರತಂದ ವರದಿಯೊಂದು ಒಂದು ನೇರ ಪ್ರಶ್ನೆ ಕೇಳಿಕೊಂಡಿತ್ತು: ದುಡಿಯುವವರಿಗೂ ವೃದ್ಧರಿಗೂ ನಡುವಣ ಅನುಪಾತ ಕುಸಿಯದಂತೆ ತಡೆಯಲು ವಲಸೆಯೊಂದನ್ನೇ ನೆಚ್ಚಿಕೊಂಡರೆ ಎಷ್ಟು ಮಂದಿ ಬರಬೇಕಾಗುತ್ತದೆ? ಜಪಾನಿಗೆ ವರ್ಷಕ್ಕೆ ಸರಾಸರಿ ಒಂದು ಕೋಟಿ ಮಂದಿ ಬೇಕು ಎಂಬ ಉತ್ತರ ಬಂತು. ದಕ್ಷಿಣ ಕೊರಿಯಾಕ್ಕೆ 2050ರೊಳಗೆ ಒಟ್ಟು 500 ಕೋಟಿಗೂ ಹೆಚ್ಚು ಮಂದಿ ಬೇಕಾಗಿದ್ದರು, ಆಗ ಇಡೀ ಭೂಮಿಯ ಜನಸಂಖ್ಯೆಯೇ ಸುಮಾರು 600 ಕೋಟಿ. ಕಾರಣ ಸರಳವಾದದ್ದು: ಇಂದು ಬಂದ ಇಪ್ಪತ್ತೈದರ ಯುವಕನಿಗೆ ನಾಲ್ಕು ದಶಕ ಕಳೆದ ಮೇಲೆ ಅರವತ್ತೈದಾಗುತ್ತದೆ, ಅವನಿಗೆ ಪಿಂಚಣಿ ಕೊಡಲು ಇನ್ನಷ್ಟು ಮಂದಿ ಬೇಕಾಗುತ್ತಾರೆ. ವಲಸೆ ಬಂದ ಕುಟುಂಬಗಳಲ್ಲಿ ಮಕ್ಕಳ ಸಂಖ್ಯೆಯೂ ಒಂದೆರಡು ತಲೆಮಾರುಗಳಲ್ಲಿ ಸ್ಥಳೀಯರ ಮಟ್ಟಕ್ಕೆ ಇಳಿಯುತ್ತದೆ.

ಆದರೆ ವಾಸಿ ಮಾಡುವುದಿಲ್ಲ ಎಂಬುದರಿಂದ ಹೊರೆ ಎಂದು ತೀರ್ಮಾನಿಸುವುದು ತಪ್ಪು. ಅಮೆರಿಕದ ಸರ್ಕಾರಿ ಪಿಂಚಣಿ ವ್ಯವಸ್ಥೆಯಾದ ಸೋಶಿಯಲ್ ಸೆಕ್ಯುರಿಟಿಯ ಟ್ರಸ್ಟಿಗಳು ಪ್ರತಿವರ್ಷ ಮುಂದಿನ 75 ವರ್ಷಗಳ ಆದಾಯ ಮತ್ತು ವೆಚ್ಚವನ್ನು ಅಂದಾಜು ಮಾಡುತ್ತಾರೆ, ವಲಸೆ ಹೆಚ್ಚಿದರೆ ಕೊರತೆ ತಗ್ಗುತ್ತದೆ ಎಂಬುದು ಆ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಕಾಗದಪತ್ರವಿಲ್ಲದೆ ಅಲ್ಲಿರುವವರ ವಿಷಯ ಇನ್ನೂ ಕಟುವಾದದ್ದು. ಬೇರೆಯವರ ಅಥವಾ ಇಲ್ಲದ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯ ಮೇಲೆ ದುಡಿಯುವ ಅವರ ಸಂಬಳದಿಂದಲೂ ವಂತಿಗೆ ಕಡಿತವಾಗುತ್ತದೆ, ಆದರೆ ಪಿಂಚಣಿ ಕೇಳಲು ಅವರಲ್ಲಿ ಹೆಚ್ಚಿನವರಿಗೆ ಎಂದೂ ಸಾಧ್ಯವಾಗುವುದಿಲ್ಲ. 2010ನೇ ಒಂದೇ ವರ್ಷದಲ್ಲಿ ಇಂಥವರಿಂದ ಆ ನಿಧಿಗೆ ಸುಮಾರು 12 ಶತಕೋಟಿ ಡಾಲರು ನಿವ್ವಳವಾಗಿ ಸೇರಿತ್ತು ಎಂದು ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಮುಖ್ಯ ವಿಮಾ ಗಣಕರು 2013ರಲ್ಲಿ ಅಂದಾಜಿಸಿದ್ದರು. ಅಮೆರಿಕದ ವೃದ್ಧರ ಊಟದಲ್ಲಿ ಹೆಸರೇ ಇಲ್ಲದವರ ಬೆವರಿನ ಪಾಲೂ ಇದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ನೀವು ಪ್ರಬಂಧ ಬರೆಯುವುದಾದರೆ ವಲಸಿಗರು ಎಂಬ ಒಂದೇ ಪದದಡಿ ಎಲ್ಲರನ್ನೂ ತುಂಬಬೇಡಿ. ಎಷ್ಟನೇ ವಯಸ್ಸಿನಲ್ಲಿ ಬಂದರು, ಬಂದ ಮೇಲೆ ಕೆಲಸ ಸಿಕ್ಕಿತೇ, ಸಂಬಳದ ಮಟ್ಟವೇನು ಎಂಬುದರಿಂದ ಲೆಕ್ಕ ತಲೆಕೆಳಗಾಗುತ್ತದೆ. ಇಪ್ಪತ್ತೈದಕ್ಕೆ ಬಂದ ನರ್ಸ್ ಮತ್ತು ಐವತ್ತೈದಕ್ಕೆ ಮಕ್ಕಳ ಬಳಿಗೆ ಬಂದ ತಾಯಿ ಪಿಂಚಣಿಯ ಖಾತೆಯಲ್ಲಿ ಒಂದೇ ಸಾಲಿನಲ್ಲಿ ಕೂರುವವರಲ್ಲ. ನಿರಾಶ್ರಿತರಿಗೆ ಕೆಲಸ ಮಾಡಲು ವರ್ಷಗಟ್ಟಲೆ ಅನುಮತಿ ಕೊಡದೆ ಆಮೇಲೆ ಅವರು ವಂತಿಗೆ ಕಟ್ಟಲಿಲ್ಲ ಎಂದು ದೂರುವ ದೇಶಗಳೂ ಇವೆ, ಅಲ್ಲಿ ದೋಷ ಬಂದವರದಲ್ಲ, ನಿಯಮದ್ದು.

ಪ್ರಶ್ನೆ: ನನ್ನ ಅಳಿಯ ಎಚ್-1ಬಿ ವೀಸಾದಲ್ಲಿ ಆರು ವರ್ಷ ಅಮೆರಿಕದಲ್ಲಿ ದುಡಿದು ಹೋದ ತಿಂಗಳು ಬಾಣೇರಿಗೆ ಮರಳಿದ್ದಾನೆ. ಅಲ್ಲಿ ಕಡಿತವಾದ ಪಿಂಚಣಿ ಹಣ ಮರಳುತ್ತದೆಯೇ?
ನಿವೃತ್ತ ಶಿಕ್ಷಕರು, ಪುಣೆ

ಉತ್ತರ: ಇಲ್ಲ ಎಂದು ಬರೆಯಲು ಬೇಸರವಾಗುತ್ತದೆ. ಅಮೆರಿಕದಲ್ಲಿ ನೌಕರನಿಂದ ಶೇ. 6.2, ಮಾಲೀಕನಿಂದ ಶೇ. 6.2 ವಂತಿಗೆ ಹೋಗುತ್ತದೆ. ವರ್ಷಕ್ಕೆ ಹೆಚ್ಚೆಂದರೆ ನಾಲ್ಕರಂತೆ 40 ಕ್ರೆಡಿಟ್, ಅಂದರೆ ಕನಿಷ್ಠ ಹತ್ತು ವರ್ಷದ ದುಡಿಮೆ ಪೂರ್ತಿಯಾದರೆ ಮಾತ್ರ ನಿವೃತ್ತಿ ಪಿಂಚಣಿಯ ಹಕ್ಕು. ಗ್ರೀನ್ ಕಾರ್ಡಿನ ಅರ್ಜಿ ಮುಂದುವರಿದಿರದಿದ್ದರೆ ಎಚ್-1ಬಿ ವೀಸಾದ ಗರಿಷ್ಠ ಅವಧಿಯೇ ಆರು ವರ್ಷ. ಆರು ವರ್ಷಕ್ಕೆ ಹೊರಡು ಎನ್ನುವ ಸರ್ಕಾರವೇ ಹತ್ತು ವರ್ಷ ಕಟ್ಟಿದವರಿಗೆ ಮಾತ್ರ ಪಿಂಚಣಿ ಎನ್ನುವುದು ನ್ಯಾಯವಲ್ಲ. ಭಾರತಕ್ಕೆ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಕೆನಡಾ, ಆಸ್ಟ್ರೇಲಿಯಾ, ಜಪಾನ್ ಮುಂತಾದ ದೇಶಗಳೊಂದಿಗೆ ಸಾಮಾಜಿಕ ಭದ್ರತಾ ಒಪ್ಪಂದಗಳಿವೆ. ಮೊದಲನೆಯದು ಬೆಲ್ಜಿಯಂ ಜೊತೆಗಿನದು, 2009ರಲ್ಲಿ ಜಾರಿಗೆ ಬಂತು. ನಮ್ಮ ಹುಡುಗರು ಬಹುಸಂಖ್ಯೆಯಲ್ಲಿರುವ ಅಮೆರಿಕದೊಂದಿಗೆ ಇನ್ನೂ ಈ ಒಪ್ಪಂದವಾಗಿಲ್ಲ. ನಿಮ್ಮ ಅಳಿಯ ಅಲ್ಲಿಯ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಮತ್ತು ಸಂಬಳದ ದಾಖಲೆಗಳನ್ನು ಎಸೆಯದಿರಲಿ. ಕ್ರೆಡಿಟ್‌ಗಳು ಅಳಿಯುವುದಿಲ್ಲ, ಮುಂದೆ ಮತ್ತೆ ಅಲ್ಲಿ ದುಡಿಯುವ ಸಂದರ್ಭ ಬಂದರೆ ಎಣಿಕೆ 24ರಿಂದ ಮುಂದುವರಿಯುತ್ತದೆ.

ಪ್ರಶ್ನೆ: ದುಬೈಯ ಹೋಟೆಲಿನಲ್ಲಿ 22 ವರ್ಷ ದುಡಿದು ಮರಳಿದ್ದೇನೆ. ಅಲ್ಲಿಯವರಿಗೆ ಒಳ್ಳೆಯ ಪಿಂಚಣಿ ಇದೆಯಂತೆ, ನನಗೇಕಿಲ್ಲ?
ಸಾಂತಾಕ್ರೂಜ್, ಮುಂಬಯಿ

ಉತ್ತರ: ಕೊಲ್ಲಿ ದೇಶಗಳ ಸರ್ಕಾರಿ ಪಿಂಚಣಿ ಅಲ್ಲಿಯ ನಾಗರಿಕರಿಗೆ ಮಾತ್ರ. ವಲಸೆ ಬಂದವರು ಅದಕ್ಕೆ ಕಟ್ಟುವುದೂ ಇಲ್ಲ, ಅದರಿಂದ ಪಡೆಯುವುದೂ ಇಲ್ಲ. ದುಡಿಯುವ ವಯಸ್ಸು ಅಲ್ಲಿ, ಮುಪ್ಪು ಊರಿನಲ್ಲಿ ಎಂಬುದೇ ಅಲ್ಲಿಯ ಏರ್ಪಾಡು. ನಿಮಗೆ ಸಲ್ಲುವುದು ಸೇವಾಂತ್ಯದ ಗ್ರಾಚ್ಯುಯಿಟಿ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ, ಆಮೇಲೆ ವರ್ಷಕ್ಕೆ 30 ದಿನಗಳದ್ದು, ಒಟ್ಟು ಎರಡು ವರ್ಷದ ವೇತನ ಮೀರದಂತೆ. ನಿಮ್ಮ ಕೊನೆಯ ಮೂಲವೇತನ 2,000 ದಿರ್ಹಂ ಎಂದು ಬರೆದಿದ್ದೀರಿ. ಆ ಪ್ರಕಾರ ಮೊದಲ ಐದು ವರ್ಷಕ್ಕೆ 7,000, ಉಳಿದ 17 ವರ್ಷಕ್ಕೆ 34,000, ಒಟ್ಟು 41,000 ದಿರ್ಹಂ ಬರಬೇಕು. ವಸತಿ, ಊಟದ ಭತ್ಯೆ ಮೂಲವೇತನದಲ್ಲಿ ಸೇರುವುದಿಲ್ಲ, ಕೈಗೆ ಬರುತ್ತಿದ್ದ ಮೊತ್ತ ದೊಡ್ಡದಾಗಿದ್ದರೂ ಗ್ರಾಚ್ಯುಯಿಟಿ ಚಿಕ್ಕದಾಗಿ ಕಾಣುವುದು ಇದರಿಂದಲೇ. ನಿಮಗೆ ಕೊಟ್ಟದ್ದು ಇದಕ್ಕಿಂತ ಕಡಿಮೆಯಾಗಿದ್ದರೆ ತಡಮಾಡದೆ ವಿಚಾರಿಸಿ.

ಪ್ರಶ್ನೆ: ನನ್ನ ತಂದೆ ಬಾಗಲಕೋಟೆ ಕಡೆಯಿಂದ 28 ವರ್ಷಗಳ ಹಿಂದೆ ವಾಸ್ಕೋಗೆ ಬಂದು ಕಟ್ಟಡ ಕೆಲಸ ಮಾಡಿದರು. ಈಗ 62 ವರ್ಷ, ಮೊಣಕಾಲು ನೋವಿನಿಂದ ಕೆಲಸ ಬಿಟ್ಟಿದ್ದಾರೆ. ಗೋವೆಯಲ್ಲಿ ಕೇಳಿದರೆ ನೀವು ಕರ್ನಾಟಕದವರು ಎನ್ನುತ್ತಾರೆ, ಊರಿನಲ್ಲಿ ಕೇಳಿದರೆ ನೀವು ಇಲ್ಲಿ ಇರುವುದೇ ಇಲ್ಲ ಎನ್ನುತ್ತಾರೆ. ಪಿಂಚಣಿಗೆ ಎಲ್ಲಿಗೆ ಹೋಗಬೇಕು?
ರಿಕ್ಷಾ ಚಾಲಕ, ಝುವಾರಿನಗರ, ಗೋವಾ

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ನಿಮ್ಮದು. ಸ್ಟುಟ್‌ಗಾರ್ಟಿನ ಎಂಜಿನಿಯರನಿಗೆ ಎರಡು ದೇಶಗಳ ನಡುವೆ ಒಪ್ಪಂದವಿದೆ. ಬಾಗಲಕೋಟೆಯಿಂದ ವಾಸ್ಕೋಗೆ ಬಂದವರಿಗೆ ಎರಡು ರಾಜ್ಯಗಳ ನಡುವೆ ವೃದ್ಧಾಪ್ಯ ವೇತನದ ಎಣಿಕೆಯನ್ನು ಕೂಡಿಸುವ ಅಂಥ ವ್ಯವಸ್ಥೆ ಇಲ್ಲ.

ಗೋವೆಯ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯಲ್ಲಿ 60 ವರ್ಷ ದಾಟಿದವರಿಗೆ ಮಾಸಾಶನವಿದೆ, ಅದಕ್ಕೆ 15 ವರ್ಷ ಗೋವೆಯಲ್ಲಿ ವಾಸವಾಗಿರಬೇಕು ಎಂಬ ಷರತ್ತಿದೆ. ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆಯಲ್ಲಿಯೂ ವಾಸದ ಷರತ್ತು 15 ವರ್ಷವೇ. ನಿಮ್ಮ ತಂದೆ ಅದನ್ನು ಎಂದೋ ದಾಟಿದ್ದಾರೆ. ಹೀಗಿರುವಾಗ ನೀವು ಕರ್ನಾಟಕದವರು ಎಂದು ಹೇಳಿ ಕಳಿಸುವುದು ಉತ್ತರವೇ ಅಲ್ಲ, ಭಾಷೆಯನ್ನು ಕೇಳುವ ನಿಯಮ ಆ ಯೋಜನೆಯಲ್ಲಿಲ್ಲ. ತೊಡಕಿರುವುದು ಪುರಾವೆಯಲ್ಲಿ. ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಬದಲಾಯಿಸಿದವರ ಬಳಿ 15 ವರ್ಷದ ಕಾಗದ ಎಲ್ಲಿಂದ ಬರಬೇಕು? ಗೋವೆಯ ಪಡಿತರ ಚೀಟಿ, ಮತದಾರರ ಪಟ್ಟಿಯ ಹಳೆಯ ಪ್ರತಿಗಳು, ನಿಮ್ಮ ಮತ್ತು ನಿಮ್ಮ ತಂಗಿಯ ಶಾಲಾ ದಾಖಲೆ, ಬ್ಯಾಂಕಿನ ಪಾಸ್‌ಬುಕ್, ಆಸ್ಪತ್ರೆಯ ಚೀಟಿ, ಇವನ್ನೆಲ್ಲ ವರ್ಷದ ಕ್ರಮದಲ್ಲಿ ಜೋಡಿಸಿ. ನೀವು ಒಂದನೇ ತರಗತಿಯಿಂದ ವಾಸ್ಕೋದಲ್ಲಿಯೇ ಓದಿದ್ದಾಗಿ ಬರೆದಿದ್ದೀರಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು, ವಿಳಾಸ ಇರುತ್ತದೆ, ಅದರ ದೃಢೀಕೃತ ಪ್ರತಿ ಪಡೆಯಿರಿ, ಅದು ಗಟ್ಟಿ ಪುರಾವೆ. ಬಳಿಕ ಆದಾಯ ಪ್ರಮಾಣಪತ್ರ ಮತ್ತು ವಾಸದ ದಾಖಲೆಗಾಗಿ ಮಾಮಲೇದಾರರ (ತಹಶೀಲ್ದಾರರ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ನಿರಾಕರಣೆಯನ್ನು ಒಪ್ಪಿಕೊಂಡು ಹಿಂದಿರುಗಬೇಡಿ.

ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಗೆ 65 ವರ್ಷವಾಗಬೇಕು ಮತ್ತು ರಾಜ್ಯದಲ್ಲಿ ವಾಸವಿರಬೇಕು. ಎರಡೂ ಕಡೆ ಅರ್ಜಿ ಹಾಕಿ ನೋಡೋಣ ಎಂಬ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ, ಆಧಾರ್ ಜೋಡಣೆಯಿಂದ ಅದು ಹೊರಬೀಳುತ್ತದೆ ಮತ್ತು ಇರುವುದೂ ಕೈತಪ್ಪುತ್ತದೆ. ಅಂದಹಾಗೆ, ಬಡತನದ ರೇಖೆಗಿಂತ ಕೆಳಗಿರುವ 60ರಿಂದ 79ರ ವಯಸ್ಸಿನವರ ಪಿಂಚಣಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 2007ರಿಂದಲೂ ತಿಂಗಳಿಗೆ 200 ರೂಪಾಯಿಯಲ್ಲಿಯೇ ನಿಂತಿದೆ. ಉಳಿದದ್ದನ್ನು ರಾಜ್ಯಗಳು ತಮ್ಮ ಜೇಬಿನಿಂದ ಸೇರಿಸುವುದರಿಂದಲೇ ತಮ್ಮವರು ಯಾರು ಎಂದು ಅಳೆಯಲು ಹೊರಡುತ್ತವೆ. ಕೇಂದ್ರದ ಪಾಲು ಬದುಕಲು ಸಾಕಾಗುವಷ್ಟು ಇದ್ದಿದ್ದರೆ ನಿಮ್ಮ ತಂದೆಯನ್ನು ಎರಡು ಬಾಗಿಲುಗಳ ನಡುವೆ ಓಡಾಡಿಸುವ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಮಾತೂ ಇದೆ. 1996ರ ಕಾಯಿದೆಗಳು ಬಂದಂದಿನಿಂದ ಕಟ್ಟಡದ ವೆಚ್ಚದ ಮೇಲೆ ಕನಿಷ್ಠ ಶೇ. 1ರ ಸೆಸ್ ವಸೂಲಾಗಿ ಮಂಡಳಿಗೆ ಹೋಗುತ್ತದೆ. ಅಂದರೆ ನಿಮ್ಮ ತಂದೆ ಕಟ್ಟಿದ ಕಟ್ಟಡಗಳಿಂದಲೂ ಈ ನಿಧಿಗೆ ಹಣ ಸೇರಿರಬೇಕು. ಆದರೆ ನೋಂದಣಿ 18ರಿಂದ 60ರ ನಡುವೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದವರಿಗೆ ಮಾತ್ರ. ನಿಮ್ಮ ತಂದೆ ಮೊದಲೇ ನೋಂದಾಯಿಸಿದ್ದರೆ ಆ ಚೀಟಿಯನ್ನು ಹುಡುಕಿ. ನೋಂದಾಯಿಸಿರದಿದ್ದರೆ ಈಗ ದಾರಿಯಿಲ್ಲ, ಆದರೆ ನಿಮ್ಮ ಓಣಿಯಲ್ಲಿ ಇನ್ನೂ ಗಾರೆ ಕೆಲಸಕ್ಕೆ ಹೋಗುವ ನಲವತ್ತು, ಐವತ್ತರ ವಯಸ್ಸಿನವರಿಗೆ ಇದನ್ನು ತಿಳಿಸಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ರಾಜ್ಯ ಬದಲಾಯಿಸಿದ ಕಟ್ಟಡ ಕಾರ್ಮಿಕನಿಗೆ ಅವನು ಸದ್ಯ ಕೆಲಸ ಮಾಡುತ್ತಿರುವ ರಾಜ್ಯದ ಮಂಡಳಿಯೇ ಸೌಲಭ್ಯ ಕೊಡಬೇಕು.

ಪ್ರಶ್ನೆ: ಕುಂದಾಪುರ ಕಡೆಯವನು, ವಯಸ್ಸು 55. ಮುಂಬಯಿಯ ಕೋಟೆ (ಫೋರ್ಟ್) ಭಾಗದ ಹೋಟೆಲಿನಲ್ಲಿ ಆರು ವರ್ಷ ಅಡುಗೆ ಮಾಡಿದೆ, 2020ರಲ್ಲಿ ಅದು ಮುಚ್ಚಿತು. ಈಗ ಠಾಣೆಯಲ್ಲಿ ಐದು ವರ್ಷ ಆಯಿತು. ಎರಡೂ ಕಡೆ ಪಿ.ಎಫ್. ಕಡಿತವಿದೆ. ನನಗೆ ಪಿಂಚಣಿ ಬರುತ್ತದೆಯೇ? ನಮ್ಮ ಅಡುಗೆಮನೆಯ ನೇಪಾಳಿ ಹುಡುಗನಿಗೂ ಕಡಿತವಿದೆ, ಅವನು ವಿದೇಶಿಯಲ್ಲವೇ?
ಠಾಣೆ

ಉತ್ತರ: ನೇಪಾಳದ ಹುಡುಗನ ವಿಷಯ ಮೊದಲು. 2008ರ ಅಕ್ಟೋಬರಿನಲ್ಲಿ ಭಾರತವು ವಿದೇಶಿ ನೌಕರರನ್ನು ಭವಿಷ್ಯ ನಿಧಿಯೊಳಗೆ ತಂದಿತು. ಅವರು ಭಾರತೀಯ ನೌಕರರಿಗಿರುವ 15,000 ರೂಪಾಯಿಯ ವೇತನ ಮಿತಿಯಿಲ್ಲದೆ ಪೂರ್ತಿ ಸಂಬಳದ ಮೇಲೆ ಕಟ್ಟಬೇಕು, ಒಪ್ಪಂದವಿಲ್ಲದ ದೇಶದವರಾದರೆ ಸಾಮಾನ್ಯವಾಗಿ 58 ತುಂಬುವವರೆಗೆ ಹಣ ಮುಟ್ಟುವಂತಿಲ್ಲ. ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲಿನಲ್ಲಿ ಈ ವಿಶೇಷ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು, ದೆಹಲಿ ಹೈಕೋರ್ಟ್ ಬೇರೆ ನಿಲುವು ತಳೆಯಿತು. ಆದರೆ ಭಾರತ ಮತ್ತು ನೇಪಾಳದ ನಡುವಿನ 1950ರ ಒಪ್ಪಂದದ ಕಾರಣದಿಂದ ನೇಪಾಳದವರನ್ನು ಇದರಲ್ಲಿ ಭಾರತೀಯ ನೌಕರರಂತೆಯೇ ಎಣಿಸುತ್ತಾರೆ. ಆದ್ದರಿಂದ ಆ ಹುಡುಗನ ಹಕ್ಕು ನಿಮ್ಮ ಹಕ್ಕಿನಷ್ಟೇ.

ಈಗ ನಿಮ್ಮದು. ನೀವು ಕಳಿಸಿದ ಎರಡು ಪಿ.ಎಫ್. ಚೀಟಿಗಳ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೆಲಸ ಬದಲಾದರೂ ಒಬ್ಬರಿಗೆ ಒಂದೇ ಇರಬೇಕಾದ ಯು.ಎ.ಎನ್. ಎಂಬ ಪಿ.ಎಫ್. ಸದಸ್ಯ ಸಂಖ್ಯೆ ಎರಡರಲ್ಲಿಯೂ ಬೇರೆ ಬೇರೆ ಇದೆ. ಹಳೆಯದರಲ್ಲಿ ಊರಿನಲ್ಲಿ ನಿಮ್ಮನ್ನು ಕರೆಯುವ ಹೆಸರು, ಹೊಸದರಲ್ಲಿ ಆಧಾರ್ ಕಾರ್ಡಿನ ಹೆಸರು. ಜನ್ಮದಿನಾಂಕವೂ ಒಂದು ವರ್ಷ ಆಚೀಚೆಯಾಗಿದೆ. ಇಲಾಖೆಯ ಕಣ್ಣಿಗೆ ನೀವು ಇಬ್ಬರು, ಒಬ್ಬನ ಸೇವೆ ಆರು ವರ್ಷ, ಇನ್ನೊಬ್ಬನದು ಐದು. 1995ರ ನೌಕರರ ಪಿಂಚಣಿ ಯೋಜನೆಗೆ ಹತ್ತು ವರ್ಷ ಬೇಕಾದ್ದರಿಂದ ಆ ಇಬ್ಬರಲ್ಲಿ ಯಾರಿಗೂ ಪಿಂಚಣಿಯಿಲ್ಲ, ಒಂದು ಸಲದ ಚಿಕ್ಕ ಗಂಟು ಮಾತ್ರ. ಇಬ್ಬರನ್ನೂ ಒಬ್ಬರನ್ನಾಗಿ ಮಾಡಿದರೆ ಹನ್ನೊಂದು ವರ್ಷವಾಗುತ್ತದೆ, 15,000 ರೂಪಾಯಿಯ ವೇತನವನ್ನು ಹನ್ನೊಂದರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ 2,357 ರೂಪಾಯಿ ಬರುತ್ತದೆ. ದೊಡ್ಡ ಮೊತ್ತವಲ್ಲ ನಿಜ, ಆದರೆ ಬದುಕಿರುವವರೆಗೆ ನಿಮಗೆ, ನಿಮ್ಮ ಕಾಲಾನಂತರ ಅದರ ಒಂದು ಭಾಗ ನಿಮ್ಮ ಮಡದಿಗೆ ಸಲ್ಲುತ್ತದೆ. 58ರವರೆಗೆ ದುಡಿದರೆ ಇನ್ನೂ ಮೂರು ವರ್ಷ ಸೇರುತ್ತದೆ.

ಹಳೆಯ ಖಾತೆಯ ಪಿಂಚಣಿ ಹಣವನ್ನು ಹಿಂಪಡೆಯಬೇಡಿ, ಹಿಂಪಡೆದರೆ ಆ ಆರು ವರ್ಷ ಲೆಕ್ಕದಿಂದ ಹೋಗುತ್ತದೆ. ಮೊದಲು ಹೆಸರು ಮತ್ತು ಜನ್ಮದಿನಾಂಕದ ತಿದ್ದುಪಡಿಗೆ ಅರ್ಜಿ ಹಾಕಿ. ಹಳೆಯ ಹೋಟೆಲು ಮುಚ್ಚಿರುವುದರಿಂದ ಮಾಲೀಕರ ಸಹಿ ಸಿಗದಿದ್ದರೆ ಆ ಸಂಗತಿಯನ್ನು ಬರೆದು, ಆಧಾರ್ ಮತ್ತು ಶಾಲೆ ಬಿಟ್ಟ ಪ್ರಮಾಣಪತ್ರದೊಂದಿಗೆ ನೇರವಾಗಿ ಭವಿಷ್ಯ ನಿಧಿ ಕಚೇರಿಗೆ ಕೊಡಿ. ಹೆಸರು ಸರಿಯಾದ ಮೇಲೆ ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಲು ಕೇಳಿ. ಚೀಟಿಯ ಮಡಿಕೆಯಲ್ಲಿ ಹಳೆಯ ಖಾತೆಯ ಕೊನೆಯ ಎರಡು ಅಂಕೆಗಳು ಮಾಸಿವೆ. ಅದೇ ಹೋಟೆಲಿನಲ್ಲಿ ನಿಮ್ಮ ಜೊತೆ ದುಡಿದವರ ಬಳಿ ಅವರ ಚೀಟಿ ಇದ್ದರೆ ಸಂಸ್ಥೆಯ ಸಂಖ್ಯೆ ಅದರಿಂದ ಖಚಿತವಾಗುತ್ತದೆ, ಉಳಿದ ಅಂಕೆಗಳನ್ನು ಕಚೇರಿಯ ದಾಖಲೆಯಲ್ಲಿ ಹುಡುಕಿಸಬಹುದು.